ಪೈಪ್‌ಲೈನ್ ಬರುತ್ತದಂತೆ

ಪೈಪ್‌ಲೈನ್ ಬರುತ್ತದೆ ಎಂಬ ಮಾತನ್ನು ನಾನು ಮೊದಲು ಕೇಳಿದಾಗ ನನಗಿನ್ನೂ ಹಾಲುಹಲ್ಲು ಬೀಳುತ್ತಿದ್ದವು. ಇರಾಕಿನ ಬಸ್ರಾದ ಎಣ್ಣೆ ಮರಳುಗಾಡು ದಾಟಿ, ಗಡಿಯ ಈಚೆಗಿರುವ ನಮ್ಮೂರು ರುವೈಶಿದ್ ಪಕ್ಕದಲ್ಲೇ ಹಾದು, ಅಕಬಾ ಬಂದರಿಗೆ ಹೋಗುತ್ತದೆ ಎಂದು ಅಪ್ಪ ರೇಡಿಯೊ ಕೇಳಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ನನ್ನ ಮದುವೆಯ ವರ್ಷ ಆ ಮಾತು ಮತ್ತೆ ಬಂತು. ರಾಕಾನ್ ಹೊಟ್ಟೆಯಲ್ಲಿದ್ದಾಗ ಸರ್ವೆಯವರು ಬಂದು ಕಬ್ಬಿಣದ ಗೂಟ ನೆಟ್ಟು ಹೋದರು. ಅವರ ಜೀಪಿನ ಧೂಳು ಇಳಿಯುವುದಕ್ಕೆ ಮೊದಲೇ ನಮ್ಮವರು ಗೂಟ ಕಿತ್ತು ಡೇರೆಗೆ ಹಗ್ಗ ಕಟ್ಟಿಕೊಂಡರು. ಈಗ ರಾಕಾನ್‌ಗೆ ಮೀಸೆ ಬಂದಿದೆ. ಪೈಪ್‌ಲೈನ್ ಇನ್ನೂ ಬರುತ್ತಲೇ ಇದೆ.

ಈ ವರ್ಷವಂತೂ ಟಿವಿ ಹಾಕಿದರೆ ಅದೇ ಕತೆ. ನಮ್ಮ ರಾಜಧಾನಿ ಅಮ್ಮಾನ್‌ನ ಪಂಡಿತನೊಬ್ಬ ಟೈ ಸರಿಮಾಡಿಕೊಳ್ಳುತ್ತ, ಎಣ್ಣೆ ಹಾದುಹೋಗಲು ಬಿಟ್ಟರೆ ಸಾಕು, ದೇಶಕ್ಕೆ ವರ್ಷವರ್ಷ ಸುಂಕ ಬರುತ್ತದೆ, ಪೆಟ್ರೋಲ್ ಅಗ್ಗವಾಗುತ್ತದೆ ಎನ್ನುತ್ತಾನೆ. ಎದುರು ಕೂತ ಸಂಸದ ಮೇಜು ಗುದ್ದಿ, ಆ ಎಣ್ಣೆ ಕೊನೆಗೆ ಅಕಬಾದಾಚೆಯ ಶತ್ರುವಿನ ಟ್ಯಾಂಕಿಗೆ ಹೋಗುವುದಿಲ್ಲ ಎನ್ನುವುದಕ್ಕೆ ಯಾರು ಜವಾಬ್ದಾರಿ ಎನ್ನುತ್ತಾನೆ. ಬಾಗ್ದಾದಿನ ಮೂರನೆಯವನು ಪರದೆಯ ಮೂಲೆಯಿಂದ, ದುಡ್ಡು ಸುರಿಯುವವರು ನಾವು, ನಮ್ಮ ಮನೆಗಳಲ್ಲೇ ಕರೆಂಟಿಲ್ಲ, ನೆರೆಯವರಿಗೆ ಉಪಕಾರ ಮಾಡುವುದು ಯಾವ ಸೀಮೆಯ ನ್ಯಾಯ ಎನ್ನುತ್ತಾನೆ. ಮೂವರೂ ಒಟ್ಟಿಗೆ ಕೂಗಲು ಶುರುಮಾಡಿದ ಕೂಡಲೇ ಸೋಪಿನ ಜಾಹೀರಾತು ಬರುತ್ತದೆ. ನಾನು ಮಸೂರ ಆರಿಸುತ್ತ ಕೇಳಿಸಿಕೊಳ್ಳುತ್ತೇನೆ. ಇವರಲ್ಲಿ ಒಬ್ಬನಾದರೂ ನಮ್ಮ ರಸ್ತೆಯನ್ನು ಕಂಡವನಲ್ಲ.

ಪೈಪ್ ಇಲ್ಲದ್ದರಿಂದ ಇರಾಕಿನ ಎಣ್ಣೆ ಲಾರಿಯಲ್ಲೇ ಬರುತ್ತದೆ. ನನ್ನ ಗಂಡ ದಹಾಮ್ ಮದುವೆಗೆ ಮೊದಲಿನಿಂದಲೂ ಟ್ಯಾಂಕರ್ ಓಡಿಸುತ್ತಿದ್ದಾನೆ. ಗಡಿ ದಾಟಿ, ಅನ್ಬಾರಿನ ಬಯಲು ದಾಟಿ, ಬೈಜಿಯ ಎಣ್ಣೆ ಕಾರ್ಖಾನೆಯಲ್ಲಿ ತುಂಬಿಸಿಕೊಂಡು ವಾಪಸು ಬರಬೇಕು. ಅವನ ಬೆನ್ನುಮೂಳೆ ಸವೆದುಹೋಗಿದೆ. ಬೂಟು ಬಿಚ್ಚಲು ನಾನೇ ಬೇಕು. ನನ್ನ ತಮ್ಮ ಸಾಮಿರ್ ಕೂಡ ಅದೇ ರಸ್ತೆಯಲ್ಲಿ ಓಡಿಸುತ್ತಿದ್ದ. ಅವನ ಟ್ಯಾಂಕರಿಗೆ ಬೆಂಕಿ ಹಚ್ಚಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಮನೆಗೆ ಬಂದದ್ದು ಮೊಳೆ ಹೊಡೆದ ಪೆಟ್ಟಿಗೆ. ತೆರೆಯಬೇಡಿ ಎಂದರು. ಅಮ್ಮ ಅದರ ಮೇಲೆ ಕೈಯಿಟ್ಟು ಕೂತಳು, ತೆರೆಯಲಿಲ್ಲ.

ಆ ದಿನವೇ ನಾನು ತೀರ್ಮಾನ ಮಾಡಿದ್ದೆ, ನನ್ನ ಮಗ ಆ ಸ್ಟೇರಿಂಗ್ ಮುಟ್ಟಕೂಡದು ಅಂತ. ರಾಕಾನ್‌ನನ್ನು ಮಫ್ರಕ್‌ಗೆ ಕಳಿಸಿ ಬೆಸುಗೆ ಕೆಲಸ ಕಲಿಸಿದೆ. ಪೈಪ್‌ಲೈನ್ ಬಂದರೆ ಬೆಸುಗೆಯವರು ಬೇಕೇ ಬೇಕಲ್ಲ? ಪ್ರಮಾಣಪತ್ರ ಗೋಡೆಗೆ ತೂಗುಹಾಕಿ ಎರಡು ವರ್ಷವಾಯಿತು. ಅವನು ಅಪ್ಪನ ಟ್ಯಾಂಕರಿನ ಕನ್ನಡಿ ಒರೆಸುತ್ತ ದಿನ ಕಳೆಯುತ್ತಾನೆ.

"ಯುಮ್ಮಾ, ಬರದೇ ಇರೋ ಪೈಪಿಗೆ ಎಷ್ಟು ವರ್ಷ ಅಂತ ಬೆಸುಗೆ ಹಾಕ್ಲಿ?" ಎಂದು ಒಮ್ಮೆ ಕೇಳಿದ.

"ಬರುತ್ತೆ, ಸುಮ್ನಿರು," ಎಂದೆ. ನನ್ನಪ್ಪನ ಮಾತು ನನ್ನ ಬಾಯಲ್ಲಿ ಬಂದದ್ದಕ್ಕೆ ನನಗೇ ಬೇಜಾರಾಯಿತು.

ಟ್ಯಾಂಕರಿನವರ ಸಂಘಕ್ಕೆ ದಹಾಮ್‌ನೇ ಮುಂದಾಳು. ಪೈಪ್‌ಲೈನ್ ಬಂದರೆ ನಮ್ಮ ಹೊಟ್ಟೆ ಮೇಲೆ ಹೊಡೆದಂತೆ ಎಂದು ಸಂಘದವರು ಹೆದ್ದಾರಿಗೆ ಅಡ್ಡಲಾಗಿ ಲಾರಿ ನಿಲ್ಲಿಸಿ ಎರಡು ವಾರವಾಗಿತ್ತು. ಟಿವಿಯವರು ಬಂದು ಮೈಕು ಹಿಡಿದಾಗ ಇವನು ಸೊಂಟದ ಮೇಲೆ ಕೈಯಿಟ್ಟು, "ಪೈಪ್ ಯಾಕೆ ಬೇಕು ಅಂತೀನಿ? ನಾವಿಲ್ವಾ? ನಾವೇ ಪೈಪು!" ಎಂದುಬಿಟ್ಟ. ದೇಶವೆಲ್ಲ ಅದನ್ನೇ ತೋರಿಸಿದರು. ಅವನ ದಾಯಾದಿ ಸತ್ತಾಮ್, ಅವನೂ ಟ್ಯಾಂಕರಿನವನೇ, ನಮ್ಮ ಕಡೆಯ ರೂಢಿಯಂತೆ ಇವನನ್ನು ಮಗನ ಹೆಸರಿನಿಂದ ಕರೆಯುತ್ತ ಪಡಸಾಲೆಯಲ್ಲಿ ಕುಣಿದಾಡಿದ: "ಅಬೂ ರಾಕಾನ್, ನೀನು ಪಾರ್ಲಿಮೆಂಟಲ್ಲಿ ಇರ್ಬೇಕಾಗಿತ್ತು ಕಣಯ್ಯಾ!"

ಪಾರ್ಲಿಮೆಂಟಿನವನು ಒಳಗೆ ಬಂದು ಬೋರಲು ಮಲಗಿದ. ನಾನು ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತ ಕೂತೆ.

"ನಾವೇ ಪೈಪು ಅಂದ್ಯಲ್ಲ, ಈ ಪೈಪು ನೆಟ್ಟಗೆ ಎದ್ದು ಕೂರೋಕೂ ಆಗಲ್ಲ."

"ಮೆತ್ತಗೆ ಮಾತಾಡು. ಆಚೆ ಜನ ಇದಾರೆ."

"ಮೆತ್ತಗೇ ಕೇಳ್ತೀನಿ, ನಿಜ ಹೇಳು. ಪೈಪ್‌ಲೈನ್ ಬೇಡ್ವಾ ನಿಂಗೆ?"

ಅವನು ದಿಂಬಿನಲ್ಲಿ ಮುಖ ಹುದುಗಿಸಿಕೊಂಡೇ ಹೇಳಿದ: "ಬೇಕು ಕಣೇ. ನಾಳೇನೇ ಬರ್ಲಿ. ನನ್ನ ಮಗ ಆ ರಸ್ತೆಗೆ ಇಳಿಯೋದು ನಂಗೂ ಬೇಡ. ಆದ್ರೆ ನಾನು ಬೇಕು ಅಂದ್ರೆ ಸತ್ತಾಮ್ ಮನೆ ಒಲೆ ಆರುತ್ತೆ, ಅವನ ತಮ್ಮಂದಿರ ಮನೆ ಒಲೆ ಆರುತ್ತೆ. ಬೀದೀಲಿ ಮುಖಕ್ಕೆ ಉಗೀತಾರೆ."

ಅದು ಸುಳ್ಳಲ್ಲ. ನಾನು ಇನ್ನಷ್ಟು ಎಣ್ಣೆ ಸುರಿದುಕೊಂಡು ತಿಕ್ಕಿದೆ.

ಮರುದಿನ ಸುದ್ದಿ ಬಂತು. ಗಾಲಿಬ್ ಪಾಶಾ ಬರುತ್ತಿದ್ದಾನೆ. ಸೈನ್ಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತನಾದ ಹಿರಿಯ. ಸರ್ಕಾರಕ್ಕೆ ನಮ್ಮಂಥವರ ಹತ್ತಿರ ಏನಾದರೂ ಆಗಬೇಕಾದರೆ ಅವನನ್ನೇ ಕಳಿಸುತ್ತದೆ. ಯಾತಕ್ಕೆ ಬರುತ್ತಾನೆಂದು ಯಾರೂ ಕೇಳಲಿಲ್ಲ. ರಸ್ತೆ ಬಿಡಿ, ಸರ್ವೆಯವರನ್ನು ಒಳಗೆ ಬಿಡಿ, ಪೈಪಿಗೆ ಒಪ್ಪಿಕೊಳ್ಳಿ ಎನ್ನಲು, ಇನ್ನೇನು? ನಮ್ಮ ಪಡಸಾಲೆಯಲ್ಲಿ ಕೂತು, ಕೊಟ್ಟ ಕಾಫಿಯನ್ನು ಮುಟ್ಟದೆ ಬಟ್ಟಲನ್ನು ನೆಲದ ಮೇಲಿಡುತ್ತಾನೆ, ಏನಾದರೂ ಬೇಡಲು ಬಂದವರು ಹಾಗೆ ಮಾಡುವುದು ನಮ್ಮ ಕಡೆಯ ಪದ್ಧತಿ. ಮನೆಯವನು 'ಕುಡಿಯಿರಿ, ಬಂದ ಕೆಲಸ ಆಯಿತು' ಎನ್ನಬೇಕು. ಅಂದಮೇಲೆ ಆಯಿತು, ತಲೆ ಹೋದರೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಅನ್ನದಿದ್ದರೆ ಬಂದವರು ಕುಡಿಯದೆ ಎದ್ದು ಹೋಗುತ್ತಾರೆ, ಅದು ಮೂರು ತಲೆಮಾರಿಗೆ ಸಾಕಾಗುವಷ್ಟು ಅವಮಾನ.

ಸತ್ತಾಮ್ ಎಲ್ಲರಿಗೂ ಪಾಠ ಹೇಳಿದ: "ಕಾಫಿ ಆರ್ಲಿ, ಬಿಡಿ. ಒಂದೊಂದು ಟ್ಯಾಂಕರ್ ಮನೆಗೆ ಒಂದೊಂದು ಸರ್ಕಾರಿ ನೌಕ್ರಿ ಅಂತ ಪಾಶಾ ಬಾಯಿಂದ ಬರೋವರ್ಗೂ ಅಬೂ ರಾಕಾನ್ ತುಟಿ ಬಿಚ್ಚಬಾರ್ದು."

ನಾನು ದಹಾಮ್‌ನನ್ನು ಅಡುಗೆಮನೆಗೆ ಕರೆದೆ. "ಅವನ ಮಾತು ಕೇಳ್ಬೇಡ. ಚೌಕಾಶಿಗೆ ಇಳಿದ್ರೆ ಸತ್ತಾಮ್ ಚಂದ್ರನನ್ನೇ ಕೇಳ್ತಾನೆ. ಪಾಶಾ ಸಿಟ್ಟಾಗಿ ಎದ್ದುಹೋಗ್ತಾನೆ. ಆಮೇಲೆ ಪೈಪ್‌ಲೈನ್ ಬರೋದು ನಮ್ಮ ಮೊಮ್ಮಕ್ಕಳ ಕಾಲಕ್ಕೆ. ಬಟ್ಟಲು ಕೆಳಗಿಟ್ಟ ತಕ್ಷಣ ಅಂದ್ಬಿಡು."

"ನಮ್ಮವರು ಏನಂತಾರೆ?"

"ಏನಂತಾರೆ? ಅಂಥ ಮನುಷ್ಯ ಬಟ್ಟಲು ಕೆಳಗಿಟ್ರೆ ಮಾನ ಇರೋನು ಇನ್ನೇನು ಮಾಡ್ತಾನೆ ಅಂತಾರೆ. ಯಾರೂ ನಿನ್ನ ಬೈಯ್ಯಲ್ಲ. ಒಳಗೊಳಗೆ ಬೈಕೋತಾರೆ, ಬೈಕೊಳ್ಲಿ."

ಅವನು ನನ್ನನ್ನು ದಿಟ್ಟಿಸಿ ನೋಡಿದ. "ನೀನು ಗಂಡಸಾಗಿದ್ದಿದ್ರೆ ಈ ದೇಶಾನ ಯಾವತ್ತೋ ಮಾರಿಬಿಡ್ತಿದ್ದೆ," ಎಂದ. ಬಹಳ ದಿನಗಳ ಮೇಲೆ ನಕ್ಕಿದ್ದ.

ಪಾಶಾ ಮಧ್ಯಾಹ್ನದ ನಮಾಜಿನ ನಂತರ ಬಂದ. ಜೊತೆಯಲ್ಲಿ ಬಿಳಿಗಡ್ಡದ ಹಿರಿಯರು. ನಮ್ಮ ಟ್ಯಾಂಕರಿನವರು ಗೋಡೆಯುದ್ದಕ್ಕೂ ಕೂತಿದ್ದರು. ರಾಕಾನ್ ಬಾಗಿಲ ಹತ್ತಿರ, ಒಗೆದ ಅಂಗಿ ತೊಟ್ಟು. ನಾನು ಪರದೆಯ ಈಚೆ ಮೊಸರಿನ ಸಾರಿನಲ್ಲಿ ಕುದಿಯುತ್ತಿದ್ದ ಕುರಿಮಾಂಸ ತಿರುವುತ್ತ ಕಿವಿಯನ್ನೆಲ್ಲ ಆಚೆ ಇಟ್ಟಿದ್ದೆ. ಕ್ಷೇಮಸಮಾಚಾರ ಮುಗಿಯಿತು. ಕಾಫಿ ಬಂತು. ಬಟ್ಟಲು ನೆಲಕ್ಕೆ ತಾಕಿದ ಸದ್ದು ನನಗೂ ಕೇಳಿಸಿತು.

"ಅಬೂ ರಾಕಾನ್," ಎಂದ ಪಾಶಾ, "ನಿನ್ನಿಂದ ನಮಗೊಂದು ಕೆಲಸ ಆಗ್ಬೇಕು."

"ಕುಡೀರಿ ಪಾಶಾ," ಎಂದ ದಹಾಮ್, ಉಸಿರು ಸಹ ತೆಗೆದುಕೊಳ್ಳದೆ. "ಬಂದ ಕೆಲಸ ಆಯ್ತು."

ಸತ್ತಾಮ್ "ಯಾ ಅಲ್ಲಾ" ಎಂದು ಗೊಣಗಿದ್ದು ಕೇಳಿಸಿತು. ನಾನು ಸೌಟು ಬಿಟ್ಟು ಒಲೆಯ ಮುಂದೆ ಕೂತೆ. ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದ ಮೇಲೆ ನನ್ನೆದೆಯ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು.

ಪಾಶಾ ಕಾಫಿ ಕುಡಿದು ಮೀಸೆ ಒರೆಸಿಕೊಂಡು ನಕ್ಕ. "ಕೇಳೋಕೆ ಮೊದ್ಲೇ ಕೊಟ್ಯಲ್ಲಪ್ಪ, ನಿಮ್ಮಪ್ಪನ ಮಗನೇ ಸರಿ! ಈಗ ಸುದ್ದಿ ಹೇಳ್ತೀನಿ, ಎಲ್ರೂ ಕೇಳಿ. ಪೈಪ್‌ಲೈನ್ ಕತೆ ಸದ್ಯಕ್ಕೆ ಮುಗೀತು. ಅವರ ಕಡೆ ಚುನಾವಣೆ, ನಮ್ಮ ಕಡೆ ದುಡ್ಡಿಲ್ಲ. ಎರಡೂ ಸರ್ಕಾರ ಮುಂದಕ್ಕೆ ಹಾಕಿವೆ. ಅಲ್ಲೀವರ್ಗೂ ಎಣ್ಣೆ ರಸ್ತೆ ಮೇಲೇನೇ. ಟ್ಯಾಂಕರ್ ಎರಡರಷ್ಟು ಮಾಡ್ತಾರೆ."

ಪಡಸಾಲೆ ಹಾರಿಹೋಗುವ ಹಾಗೆ ಗದ್ದಲವಾಯಿತು. "ನಾವೇ ಪೈಪು!" ಎಂದು ಸತ್ತಾಮ್ ಅರಚುತ್ತಿದ್ದ. ಯಾರೋ ದಹಾಮ್‌ನನ್ನು ತಬ್ಬಿಕೊಂಡಿರಬೇಕು, ಅವನು ಬೆನ್ನುನೋವಿಗೆ "ಹಾ" ಎಂದ.

"ತಡೀರಿ, ತಡೀರಿ," ಪಾಶಾ ಕೈ ತಟ್ಟಿದ. "ರಸ್ತೆ ತೆಗೆಸೋಕೆ ನಾನು ಬಟ್ಟಲು ಕೆಳಗಿಡ್ಬೇಕಾ? ಈ ಸುದ್ದಿ ಕೇಳಿದ್ಮೇಲೆ ಅದನ್ನ ನೀವೇ ತೆಗೀತೀರಿ. ನಾನು ಬಟ್ಟಲು ಇಟ್ಟಿದ್ದು ಈ ಹುಡುಗನಿಗೋಸ್ಕರ. ಬಾರೋ ರಾಕಾನ್. ಹೋದ ವಾರ ನಮ್ಮನೇಗೆ ಬಂದಿದ್ದ. 'ಅಪ್ಪ ನನ್ನನ್ನ ಸ್ಟೇರಿಂಗ್ ಮುಟ್ಟೋಕೆ ಬಿಡಲ್ಲ, ನೀವು ಕೇಳಿದ್ರೆ ಇಲ್ಲ ಅನ್ನಲ್ಲ' ಅಂದ. ಹೊಸ ಟ್ಯಾಂಕರ್‌ಗಳಲ್ಲಿ ಮೊದಲನೇದು ಆಗ್ಲೇ ಬಂದಿದೆ, ಅದು ಇವನಿಗೆ ಅಂತ ಹೇಳ್ಬಿಟ್ಟಿದೀನಿ. ನಿನ್ನ ಒಪ್ಪಿಗೆ ಒಂದು ಬಾಕಿ ಇತ್ತು, ಅದೂ ಕೊಟ್ಟೆ. ದೇವರು ಒಳ್ಳೇದು ಮಾಡ್ಲಿ."

ನಾನು ಪರದೆ ಸರಿಸಿದೆ. ಗಂಡಸರು ನೋಡಿದರೆ ನೋಡಲಿ. ದಹಾಮ್ ನನ್ನ ಕಡೆಯೇ ನೋಡುತ್ತಿದ್ದ. ಮುಖ ಬೂದಿಯಾಗಿತ್ತು. ಬಾಯಿ ತೆರೆದ, ಮುಚ್ಚಿದ. ಬಾಯಿ ತೆರೆಯಲು ಏನು ಉಳಿದಿತ್ತು? ನಾನೇ ಮುಂಚೆಯೇ ತೆರೆಸಿ ಆಗಿತ್ತಲ್ಲ. ಊರವರು ಮಗನ ಕೆನ್ನೆಗೆ ಮುತ್ತಿಡುತ್ತಿದ್ದರು.

"ಕೊಟ್ಟ ಮಾತು ಕೊಟ್ಟ ಹಾಗೇ ಪಾಶಾ," ಎಂದ ಕೊನೆಗೆ. ಅವನ ದನಿ ನನಗೆ ಗುರುತೇ ಸಿಗಲಿಲ್ಲ.

ಊಟವಾಯಿತು. ತಟ್ಟೆಗಳು ಖಾಲಿಯಾಗಿ ವಾಪಸು ಬಂದವು, ಅಡುಗೆಯನ್ನು ಎಲ್ಲರೂ ಹೊಗಳಿದರಂತೆ. ಹೊರಗೆ ಒಂದೊಂದಾಗಿ ಲಾರಿಗಳು ಚಾಲೂ ಆಗಿ ರಸ್ತೆ ಬಿಡುವ ಸದ್ದು. ರಾಕಾನ್ ಒಳಗೆ ಬಂದು ನನ್ನ ಹಣೆಗೆ ಮುತ್ತಿಟ್ಟ.

"ಎಲ್ಲೀವರ್ಗೂ?" ಎಂದೆ.

"ಬೈಜಿವರ್ಗೂ. ಈಗ ಮೊದಲಿನ ಹಾಗಿಲ್ಲ ಯುಮ್ಮಾ, ರಸ್ತೆ ಚೆನ್ನಾಗಿದೆ."

ಅವನ ಕೆನ್ನೆಗೆ ಬಾರಿಸಿದೆ. ಹುಟ್ಟಿದಾಗಿನಿಂದ ಅವನಿಗೆ ನಾನು ಹೊಡೆದಿರಲಿಲ್ಲ. ಅವನು ಕದಲದೆ ನಿಂತ. "ನಂಗೂ ಏನಾದ್ರೂ ಕೆಲಸ ಬೇಕಲ್ವಾ?" ಎಂದ, ಅಷ್ಟೇ. ಹೊಡೆದ ಕೈಯಿಂದಲೇ ಅವನನ್ನು ಎಳೆದು ಅಪ್ಪಿಕೊಂಡೆ. ಅಷ್ಟೆತ್ತರದವನು ನನ್ನ ಹೆಗಲ ಮೇಲೆ ಬಾಗಿ ನಿಂತ.

ಎಲ್ಲರೂ ಹೋದ ಮೇಲೆ ದಹಾಮ್ ಬಂದು ಗೋಡೆ ಹಿಡಿದುಕೊಂಡು ಕೂತ. ನಾನು ಅವನ ಬೂಟು ಬಿಚ್ಚಲು ಬಗ್ಗಿದೆ. ನನ್ನನ್ನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಬೆಳಿಗ್ಗೆ ಹೊರಡ್ಬೇಕಂತೆ," ಎಂದ. "ಅವನ ಲಾರಿ ಹತ್ತಿ ನಾನೂ ಪಕ್ಕದಲ್ಲಿ ಕೂತು ಹೋಗ್ತೀನಿ. ಎಲ್ಲೆಲ್ಲಿ ನಿಲ್ಲಿಸಬಾರ್ದು ಅಂತ ತೋರಿಸ್ಬೇಕು."

"ನಿನ್ನ ಬೆನ್ನು?"

"ಬೆನ್ನಿಗೇನು, ಅದೂ ಬರುತ್ತೆ."

ಒಬ್ಬನನ್ನು ಆ ರಸ್ತೆಗೆ ಬಿಡಬಾರದೆಂದು ಇಷ್ಟೆಲ್ಲ ಮಾಡಿದವಳು, ಒಂದೇ ಲಾರಿಯಲ್ಲಿ ಇಬ್ಬರನ್ನೂ ಕೂರಿಸಿದ್ದೆ. ಬೂಟು ಬಿಚ್ಚುತ್ತಿದ್ದವಳು ನಿಲ್ಲಿಸಿ, ಹೋಗಬೇಡ ಎನ್ನಲೇ ಎಂದುಕೊಂಡೆ. ಅಂದರೆ ಹುಡುಗ ಒಬ್ಬನೇ ಹೋಗುತ್ತಾನೆ. ಅನ್ನಲಿಲ್ಲ. ಬೆಳಿಗ್ಗೆ ಇಬ್ಬರಿಗೂ ರೊಟ್ಟಿ ಬೇಕಿತ್ತು, ಹಿಟ್ಟು ಕಲಸಲು ಎದ್ದೆ.