ರಾಜಕುಮಾರನಿಗೆ ಮೀಸಲಾದ ಹಾಲು

ಇಂಗ್ಲೆಂಡಿನ ಮೇರಿ ರಾಣಿಗೆ ಹುಟ್ಟಲಿದ್ದ ಮಗುವಿಗೆ ಎದೆಹಾಲು ಕುಡಿಸಲು ನನ್ನನ್ನು ಹ್ಯಾಂಪ್ಟನ್ ಅರಮನೆಗೆ ಕರೆಸಿದ್ದು ಏಪ್ರಿಲ್‌ನಲ್ಲಿ. ನನ್ನ ಎಳೆಗೂಸು ಸಿಸ್ಲಿಯನ್ನು ಪಕ್ಕದ ಮನೆಯ ಬಾಣಂತಿ ಥಾಮಸಿನ್ ಮಡಿಲಿಗೆ ಹಾಕಿ ಬಂದೆ. ಮೇ ಕಳೆಯಿತು, ಜೂನ್ ಕಳೆಯಿತು. ಚಿನ್ನದ ಕುಸುರಿಯ ಹಾಳು ತೊಟ್ಟಿಲು ಖಾಲಿಯೇ ಇತ್ತು. ಹಾಲು ಬತ್ತಬಾರದೆಂದು ಅಗಸಗಿತ್ತಿಯ ಮಗುವಿಗೆ ಕುಡಿಸುತ್ತ, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಅಲೆಯುತ್ತಿದ್ದೆ.

“ರಾಣಿಯವ್ರು ಬಸುರಿ ಹೌದೋ ಅಲ್ವೋ?” ಎಂದು ಸೂಲಗಿತ್ತಿ ಪರ್ನೆಲಮ್ಮನನ್ನು ಕೇಳಿಯೇಬಿಟ್ಟೆ.

“ಬಾಯ್ಮುಚ್ಚೇ! ತಲೆ ಉಳೀಬೇಕೋ ಬೇಡ್ವೋ ನಿಂಗೆ? ಲೆಕ್ಕ ತಪ್ಪಿದೆ, ಅಷ್ಟೇ.”

“ಎಂಥ ಲೆಕ್ಕ? ನಮ್ಮ ಹಸುನೂ ಇಷ್ಟು ದಿನ ತಗೊಳ್ಳಲ್ಲ!”

ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ತೊಟ್ಟಿಲಿಗೆ ಬಟ್ಟೆ ಮುಚ್ಚಿ ಸಾಗಿಸಿದರು. ರಾಣಿ ಬೇರೆ ಅರಮನೆಗೆ ಹೊರಟಳು. ಹುಟ್ಟದೇ ಹೋದ ಮಗುವಿನ ಮಾತನ್ನು ಯಾರೂ ಎತ್ತಲಿಲ್ಲ.

“ನೀನಿನ್ನು ಮನೆಗೆ ಹೋಗು,” ಎಂದಳು ಪರ್ನೆಲಮ್ಮ.

ಓಡೋಡಿ ಊರು ಸೇರಿದೆ. ಥಾಮಸಿನ್ ಮಡಿಲಿನಿಂದ ಸಿಸ್ಲಿಯನ್ನು ಕಸಿದುಕೊಂಡು ಎದೆಗೆ ಒತ್ತಿಕೊಂಡೆ. ಅವಳು ನನ್ನ ಮುಖ ನೋಡಿ ಕಿಟಾರನೆ ಕಿರುಚಿ, ಥಾಮಸಿನ್ ಕಡೆ ಕೈ ಚಾಚಿದಳು.

ಥಾಮಸಿನ್ ನಗುತ್ತ ಮಗುವನ್ನು ಎತ್ತಿಕೊಂಡಳು.

“ಬೇಜಾರು ಮಾಡ್ಕೋಬೇಡ ಕಣೇ. ಹೊಸಬರನ್ನ ಕಂಡ್ರೆ ಇವಳು ಹೀಗೇ ಅಳ್ತಾಳೆ.”