ಬಕೆಟ್ಟಿನಲ್ಲಿ ಬಂದ ಹಿರಿಯರು

ಹುಚ್ಚಮ್ಮನಿಗೆ ಆ ಹೆಸರಿಟ್ಟವರು ಯಾರೋ ಏನೋ, ಅದಕ್ಕೆ ತಕ್ಕಂತೆ ಬಾಳುವ ಹೊಣೆ ಮಾತ್ರ ಅವಳ ತಲೆಗೇ ಬಂದಿತ್ತು. ಕುಶಾಲನಗರದಾಚೆ, ಹಾರಂಗಿ ನಾಲೆಯ ಪಕ್ಕದ ಆ ಬೀದಿಯಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ತರಕಾರಿ ಗಾಡಿಯವನು ಕೂಡ ಅವಳ ಮನೆ ಬಂದರೆ ಮೈಕು ನಿಲ್ಲಿಸಿ, ಕೊಳೆತ ಟೊಮೆಟೊ ಆರಿಸಿ ಆಚೆಗಿಟ್ಟು, ಆಮೇಲೆ ಕೂಗುತ್ತಿದ್ದ. ಅಂಥ ಹುಚ್ಚಮ್ಮ ಈ ಮಳೆಗಾಲದಲ್ಲಿ ಒಂದು ಕಾರ್ಟೂನ್ ಸಿನಿಮಾದ ಕೈಗೆ ಸಿಕ್ಕಿ ಹೈರಾಣಾಗಿದ್ದಳು.

ಸಿನಿಮಾದ ಹುಚ್ಚು ಹತ್ತಿದ್ದು ನಿಶ್ಮಿತಾಳಿಗೆ. ಸೊಸೆ ಸೌಮ್ಯಳ ಮಗಳು. ಮಾದಾಪುರದಲ್ಲಿ ಮೊದಲ ಗಂಡ ತೀರಿಕೊಂಡು ತವರಿನಲ್ಲಿದ್ದ ಸೌಮ್ಯಳನ್ನು, ಅಲ್ಲಿಂದ ಕಾಫಿ ಮೂಟೆ ತರಲು ಗೂಡ್ಸ್ ಆಟೋ ತೆಗೆದುಕೊಂಡು ಹೋಗುತ್ತಿದ್ದ ಹುಚ್ಚಮ್ಮನ ಮಗ ದೇವರಾಜು ಮೆಚ್ಚಿ ಮದುವೆಯಾಗಿದ್ದ. ಹುಡುಗಿ ಅಮ್ಮನ ಸೆರಗು ಹಿಡಿದುಕೊಂಡೇ ಈ ಮನೆಗೆ ಬಂದಳು. ದೇವರಾಜುವನ್ನು ಅವಳು ಅಂಕಲ್ ಅನ್ನುತ್ತಿದ್ದಳು. ಅವನು ಅದಕ್ಕೂ "ಹೂಂ ಮಗಾ" ಎಂದು ಓಗೊಡುತ್ತಿದ್ದ.

ಸಿನಿಮಾದ ಕಥೆ ಹುಚ್ಚಮ್ಮನಿಗೆ ಬಾಯಿಪಾಠವಾಗಿತ್ತು. ಒಂದು ದೋಣಿ ನಡೆಸುವ ಸಂಸಾರ. ಹೊಳೆಯ ನೀರು ಮೈಗೆ ತಾಗಿದರೆ ಸಾಕು, ಆ ಮನೆಯವರು ಒಬ್ಬೊಬ್ಬರೂ ಒಂದೊಂದು ಪ್ರಾಣಿಯಾಗುತ್ತಾರೆ. ತಾತ ಕೋಣ, ತಾಯಿ ನೀರುನಾಯಿ, ಅಣ್ಣ ಮಿಂಚುಳ್ಳಿ. ತಾತಮುತ್ತಾತರ ಕಾಲದಿಂದ ಬಂದ ವಿದ್ಯೆ. ಕೊನೆಯ ಹುಡುಗಿ ಮಾತ್ರ ಎಷ್ಟು ನೆಂದರೂ ಹುಡುಗಿಯೇ. ಕೊನೆಗೆ ಪ್ರವಾಹದಲ್ಲಿ ಅವಳು ಹೊಳೆಗೆ ಹಾರುತ್ತಾಳೆ, ದಡದ ಬಂಡೆಯ ಮೇಲೆ ಯಾವುದೋ ಪ್ರಾಣಿಯ ನೆರಳು ಬೀಳುತ್ತದೆ, ಅದೇನೆಂದು ತಿಳಿಯುವಷ್ಟರಲ್ಲಿ ಸಿನಿಮಾ ಮುಗಿದುಹೋಗುತ್ತದೆ. ಆ ನೆರಳು ಏನು, ಅವಳಿಗೆ ವಿದ್ಯೆ ಬಂತೋ ಇಲ್ಲವೋ ಎಂದು ಊರೂರಿನ ಮಕ್ಕಳೆಲ್ಲ ಮೊಬೈಲಿನಲ್ಲಿ ವಾದ ಹೂಡಿದ್ದರು. ಅದಕ್ಕೆ ಥಿಯರಿ ಅನ್ನುತ್ತಾರಂತೆ. ನಿಶ್ಮಿತಾ ದಿನಕ್ಕೊಂದು ಥಿಯರಿ ತಂದು, ರೊಟ್ಟಿ ತಟ್ಟುವ ಅಜ್ಜಿಯ ಮುಂದೆ ಒಪ್ಪಿಸುತ್ತಿದ್ದಳು. ಹುಚ್ಚಮ್ಮ ಬೈಯುತ್ತಲೇ ಕೇಳುತ್ತಿದ್ದಳು. ಕೇಳದ ದಿನ ರೊಟ್ಟಿ ಸೀಯುತ್ತಿತ್ತು.

ಎಲ್ಲ ನೆಟ್ಟಗಿತ್ತು, ದೀಪಕ್ ಬಂದು ಬಾಯಿ ಹಾಕುವವರೆಗೆ. ದೀಪಕ್ ಹುಚ್ಚಮ್ಮನ ಮಗಳ ಮಗ. ಭಾನುವಾರ ಬಂದು ಅಜ್ಜಿಯ ಕೋಳಿಸಾರು ಉಂಡು ಹೋಗುವ ಹೈಸ್ಕೂಲು ಪಂಡಿತ.

"ಮೊದಲನೇ ಸೀನ್ ನೋಡಿಲ್ವಾ ನೀನು?" ಅಂದ ಅವನು. "ಅವರಮ್ಮ ಆ ಹುಡುಗೀನ ಬುಟ್ಟೀಲಿ ಇಟ್ಕೊಂಡು ಮನೆಗೆ ತರ್ತಾಳೆ. ಅಂದ್ರೆ ಎಲ್ಲಿಂದಲೋ ಎತ್ಕೊಂಡು ಬಂದಿದ್ದು. ಪವರ್ ಬರೋದು ರಕ್ತದಲ್ಲಿ. ಅವಳಿಗೆ ಯಾವತ್ತೂ ಬರಲ್ಲ. ಆ ನೆರಳು ಬೇರೆ ಯಾರದೋ."

ನಿಶ್ಮಿತಾ ತಟ್ಟೆ ಸರಿಸಿ ಎದ್ದುಹೋದಳು. ಹುಡುಗ ಹೇಳಿದ್ದು ಸಿನಿಮಾದ ಮಾತು, ಅದು ಹೋಗಿ ನಾಟಿದ್ದು ಬೇರೆ ಕಡೆ. ಹುಚ್ಚಮ್ಮನಿಗೆ ಅದು ಆ ಕ್ಷಣಕ್ಕೇ ತಿಳಿಯಿತು.

ಯಾಕೆಂದರೆ ಅವರ ಮನೆಯಲ್ಲೂ ಒಂದು ಪ್ರಾಣಿಯಿತ್ತು. ಹುಚ್ಚಮ್ಮನ ಗಂಡನ ಕಡೆಯವರು ಅರಕಲಗೂಡಿನ ಸೀಮೆಯಿಂದ ಬಂದು ಇಲ್ಲಿ ನೆಲೆಸಿದವರು. ಅವರ ಕುಲದಲ್ಲಿ ಒಂದೊಂದು ವಂಶದ ಬಳ್ಳಿಗೆ ಒಂದೊಂದು ಬೆಡಗು, ಅಂದರೆ ಆ ಬಳ್ಳಿಯ ಗುರುತಿನ ಪ್ರಾಣಿ. ಇವರದು ಆಮೆಯ ಬೆಡಗು. ಆಮೆಯನ್ನು ಇವರು ಹೊಡೆಯುವುದಿಲ್ಲ, ತಿನ್ನುವುದಿಲ್ಲ, ಕಂಡರೆ ಕೈಮುಗಿಯುತ್ತಾರೆ. ಮದುವೆಯಾಗಿ ಬಂದ ಹೆಣ್ಣು ಬೇರೆ ಬೆಡಗಿನವಳೇ ಆಗಿರಬೇಕು. ಅವಳನ್ನು ಅಕ್ಕಿಹಿಟ್ಟಿನಲ್ಲಿ ಬರೆದ ಆಮೆಯ ಮುಂದೆ ಕೂರಿಸಿ, ಮನೆಯ ಹಿರಿಯ ಹೆಂಗಸು ತಾಮ್ರದ ಚೊಂಬಿನ ನೀರು ಕುಡಿಸಿದರೆ ಅಲ್ಲಿಂದಾಚೆಗೆ ಅವಳೂ ಆಮೆಯವಳು. ಸೌಮ್ಯಳಿಗೆ ಹುಚ್ಚಮ್ಮನೇ ನೀರು ಕುಡಿಸಿದ್ದಳು. ಪಕ್ಕದಲ್ಲಿ ಸೆರಗು ಹಿಡಿದು ನಿಂತಿದ್ದ ಮಗುವಿನ ನೆನಪು ಯಾರಿಗೂ ಬರಲಿಲ್ಲ.

ಅದರ ಫಲ ಹೋದ ವರ್ಷದ ಹಿರಿಯರ ಹಬ್ಬದಲ್ಲಿ ಕಂಡಿತು. ಎಡೆಯ ಮುಂದೆ, ನಡುಮನೆಯಲ್ಲಿ ಉಣ್ಣುವುದು ಬೆಡಗಿನವರು ಮಾತ್ರ. ಮಿಕ್ಕವರ ಎಲೆ ಜಗಲಿಯಲ್ಲಿ. ನಿಶ್ಮಿತಾಳ ಎಲೆ ಜಗಲಿಯಲ್ಲಿ ಬಿತ್ತು. ಹಾಕಿದವಳು ಹುಚ್ಚಮ್ಮನೇ. ಪದ್ಧತಿ ಅಂದರೆ ಪದ್ಧತಿ, ಏನು ಮಾಡುವುದು? ಆದರೂ ಆ ಮಗು ಒಳಗಡೆ ಇಣುಕಿ ಇಣುಕಿ ನೋಡುತ್ತ ಪಾಯಸ ತಿಂದದ್ದು ಅವಳ ಕಣ್ಣಿಗೆ ಕಟ್ಟಿದಂತಿತ್ತು. ಈ ವರ್ಷದ ಹಬ್ಬ ಮತ್ತೆ ಹತ್ತಿರ ಬಂದಿತ್ತು.

ಅವತ್ತು ಸಂಜೆ ನಿಶ್ಮಿತಾ ಒಲೆಯ ಹತ್ತಿರ ಬಂದು ಕೂತಳು. "ಅಜ್ಜಿ, ಅಮ್ಮ ಆಮೆ, ಅಂಕಲ್ ಆಮೆ, ನೀನೂ ಆಮೆ. ನಾನೇನು?"

ಹುಚ್ಚಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿದಳು. "ನೀನು ತಲೆಹರಟೆ. ಹೋಗಿ ಓದ್ಕೋ" ಅಂದುಬಿಟ್ಟಳು. ಅಂದಮೇಲೆ ತನ್ನ ಮೇಲೇ ಸಿಟ್ಟು ಬಂದು ಬೆಕ್ಕಿಗೆ ಬೈದಳು.

ಮುಂದಿನ ಭಾನುವಾರ ಮಧ್ಯಾಹ್ನ ಹಿತ್ತಿಲಲ್ಲಿ ಸೌಮ್ಯ ಕಿರುಚಿದ್ದು ಕೇಳಿ ಹುಚ್ಚಮ್ಮ ಹೊರಗೆ ಓಡಿದಳು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೀಲಿ ಬಕೆಟ್ಟು, ಅದರೊಳಗೆ ಮುಷ್ಟಿಗಿಂತ ಸ್ವಲ್ಪ ದೊಡ್ಡ ಕಪ್ಪು ಆಮೆ. ಪಕ್ಕದಲ್ಲಿ ಮೊಣಕಾಲವರೆಗೂ ಕೆಸರು ಮೆತ್ತಿಕೊಂಡು ಅಳುತ್ತ ಕೂತ ನಿಶ್ಮಿತಾ.

"ಅಯ್ಯೋ ನನ್ನ ಕರ್ಮವೇ! ಹಿರಿಯರನ್ನ ಬಕೆಟ್ನಲ್ಲಿ ತುಂಬ್ಕೊಂಡು ಬಂದಿದ್ದೀಯಲ್ಲೇ!"

"ಕಾಮೆಂಟಲ್ಲಿ ಒಬ್ರು ಬರೆದಿದ್ರು ಅಜ್ಜಿ," ಹುಡುಗಿ ಬಿಕ್ಕಿದಳು. "ನಾವು ಯಾವ ಪ್ರಾಣಿಯವರೋ ಆ ಪ್ರಾಣಿ ನಮ್ಮನ್ನ ನೋಡಿ ಹೆದರಲ್ವಂತೆ. ಗದ್ದೆ ಬದು ಮೇಲಿತ್ತು. ಬೆಳಿಗ್ಗೆಯಿಂದ ಎದುರಿಗೆ ಇಟ್ಕೊಂಡು ಕೂತಿದ್ದೀನಿ. ತಲೇನೇ ಹೊರಗೆ ಹಾಕ್ತಿಲ್ಲ."

"ನಿಮ್ಮ ತಾತನ್ನ ಕಂಡ್ರೂ ಹಾಕ್ತಿರ್ಲಿಲ್ಲ ಕಣೇ! ತಲೆ ಒಳಗೆ ಎಳ್ಕೊಳ್ಳೋದೇ ಅದರ ಕೆಲ್ಸ!"

ದೇವರಾಜು ಆಟೋ ತೊಳೆಯುತ್ತಿದ್ದವನು ಕೈ ಒರೆಸಿಕೊಂಡು ಬಂದ. ಬಕೆಟ್ಟಿಗೆ ಕೈ ಹಾಕಹೋದ. "ನಾನೇ ನಾಲೆಗೆ ಬಿಟ್ಟು ಬತ್ತೀನಿ, ಬುಡವ್ವ."

"ಮುಟ್ಬೇಡ! ತಂದೋನು ನೀನಾ?"

ಅವನ ಕೈ ಅಲ್ಲೇ ನಿಂತಿತು. ಆಮೆಯ ಬೆಡಗಿನವರಿಗೆ ಇದು ಸಣ್ಣ ವಿಷಯವಲ್ಲ. ಆಮೆ ಮನೆಗೆ ಬಂತೆಂದರೆ ಹಿರಿಯರು ಬಂದಂತೆ. ಅರಿಶಿನ ಕುಂಕುಮವಿಟ್ಟು, ಹೊತ್ತು ಮುಳುಗುವುದರೊಳಗೆ ನೀರಿಗೆ ಬಿಟ್ಟು ಬರಬೇಕು. ಯಾರು ತಂದರೋ ಅವರೇ ಬಿಡಬೇಕು. ಬಿಡುವವರು ಬೆಡಗಿನವರೇ ಆಗಿರಬೇಕು. ನೀರಿನ ಮುಂದೆ ನಿಂತು ತಾನು ಯಾರ ಮಗು ಎಂದು ನಿಜ ಹೇಳಿ ಬಿಡಬೇಕು. ಹಿಂದೊಮ್ಮೆ ಸೋಮಾರಿತನಕ್ಕೆ ಆಳಿನ ಕೈಯಲ್ಲಿ ಕಳಿಸಿದ್ದಕ್ಕೆ ಆ ವರ್ಷ ಬಾವಿ ಬತ್ತಿತ್ತಂತೆ.

"ನಾನು ಬಿಟ್ಟು ಬರ್ಲಾ ಅಜ್ಜಿ?" ಕೋಳಿಸಾರಿಗೆಂದು ಬಂದಿದ್ದ ದೀಪಕ್ ಕೇಳಿದ.

"ನೀನು ನಿಮ್ಮಪ್ಪನ ಬೆಡಗು, ನವಿಲು. ಗರಿ ಮಡಚ್ಕೊಂಡು ಮೂಲೇಲಿ ಕೂತ್ಕೋ. ರಕ್ತ ರಕ್ತ ಅಂತ ಕುಣೀತಿದ್ದೆಯಲ್ಲ, ನನ್ನ ರಕ್ತ ನಿನ್ನಲ್ಲೂ ಐತೆ, ಆದ್ರೂ ನೀನು ಆಮೆ ಅಲ್ಲ. ಗೊತ್ತಾಯ್ತಾ?"

ಆ ಮಾತು ತನ್ನ ಬಾಯಿಂದ ಬಿದ್ದ ಮೇಲೆ ಹುಚ್ಚಮ್ಮನಿಗೇ ಒಂದು ದಾರಿ ಕಂಡಂತಾಯಿತು. ತಂದವಳು ಬೆಡಗಿನವಳಲ್ಲ, ಬೆಡಗಿನವರು ಯಾರೂ ತಂದಿಲ್ಲ. ಹೀಗಿದ್ದರೆ ಆ ಬಡಪಾಯಿ ಆಮೆ ಬಕೆಟ್ಟಿನಲ್ಲೇ ಮುದಿಯಾಗಬೇಕು. ಹುಡುಗಿಗೇ ಚೊಂಬಿನ ನೀರು ಕುಡಿಸಿ ಬೆಡಗಿಗೆ ಸೇರಿಸಿಕೊಂಡರೆ? ಅವಳು ಅರಕಲಗೂಡಿನಲ್ಲಿದ್ದ ಮೈದುನ ಅಪ್ಪಯ್ಯನಿಗೆ ಫೋನು ಹಚ್ಚಿಸಿದಳು. ಬೆಡಗಿಗೆ ಈಗ ಅವನೇ ಹಿರಿಯ, ಹಬ್ಬದ ಪಂಕ್ತಿ ಕೂರಿಸುವವನೂ ಅವನೇ.

ಅಪ್ಪಯ್ಯ ಎಲ್ಲ ಕೇಳಿ, ಗಂಟಲು ಸರಿ ಮಾಡಿಕೊಂಡ. "ಅತ್ಗೆ, ಹೆಣ್ಣು ತಂದ್ರೆ ನೀರು ಕೊಡ್ತೀವಿ. ಜೊತೇಲಿ ಬಂದ ಕೂಸಿಗೆಲ್ಲ ಕೊಡಕ್ಕಾಯ್ತದಾ? ರಕ್ತ ಅಂತ ಒಂದು ಐತಲ್ಲ."

"ರಕ್ತವಾ? ನಾನು ಹುಟ್ಟಿದ್ದು ಮೊಲದ ಬೆಡಗಲ್ಲಿ. ನಿಮ್ಮಣ್ಣನ್ನ ಕಟ್ಕೊಂಡು ಬಂದಾಗ ನನ್ನ ರಕ್ತ ಸೋಸಿದ್ರಾ? ಒಂದು ಚೊಂಬು ನೀರು ಕುಡಿಸಿದ್ರಿ, ಅಷ್ಟೇಯ. ಅವತ್ತಿಂದ ಇವತ್ತಿನವರೆಗೂ ಹಿರಿಯರ ಎಡೆ ಮಾಡ್ತಿರೋಳು ಯಾರು? ಆ ಎಡೆ ಉಂಡೋನು ಯಾರು? ಆವಾಗ ಬಾಯಿಗೆ ರುಚಿಯಾಗಿತ್ತಾ ಇಲ್ವಾ?"

"ಅದು ಬೇರೆ ಅತ್ಗೆ..."

"ಬೇರೆ ಅನ್ನೋದಾದ್ರೆ ನೀನೇ ಬಸ್ಸು ಹತ್ತಿ ಬಂದು ಇದನ್ನ ಬಗೆಹರಿಸು. ಇಲ್ಲ ಅಂದ್ರೆ ಬಕೆಟ್ಟಿಗೇ ಎಡೆ ಇಡ್ತೀನಿ, ಹಬ್ಬಕ್ಕೆ ಬಂದು ಅದರ ಮುಂದೆ ಕೂತ್ಕೋ."

ಅಪ್ಪಯ್ಯನ ದನಿ ಮೆತ್ತಗಾಯಿತು: "ನೀರು ಕುಡಿಸು ಅತ್ಗೆ, ನಾನು ಅಡ್ಡ ಬರಲ್ಲ. ಆದ್ರೆ ನಾಲೆ ಮುಂದೆ ನಿಂತಾಗ ಯಾರ ಮಗಳು ಅಂತ ಹೇಳ್ತದೆ ಕೂಸು? ಅಲ್ಲಿ ಸುಳ್ಳು ಹೇಳಂಗಿಲ್ಲ."

ಹುಚ್ಚಮ್ಮ ಮಗನ ಕಡೆ ನೋಡಿದಳು. ದೇವರಾಜು ತಲೆ ತಗ್ಗಿಸಿ ಬಕೆಟ್ಟನ್ನೇ ನೋಡುತ್ತಿದ್ದ. "ಅದನ್ನ ಅವಳೇ ಹೇಳ್ಲಿ," ಅಂದಳು. "ನಾನೂ ಹೇಳ್ಕೊಡಲ್ಲ, ಯಾರೂ ಹೇಳ್ಕೊಡಬ್ಯಾಡಿ."

ನಡುಮನೆಯಲ್ಲಿ ಸೌಮ್ಯ ಅಕ್ಕಿಹಿಟ್ಟಿನಲ್ಲಿ ಆಮೆ ಬರೆದಳು. ಅವಸರದಲ್ಲಿ ಒಂದು ಕಾಲು ಉದ್ದವಾಯಿತು. ಕೆಸರು ತೊಳೆದುಕೊಂಡು ಬಂದ ನಿಶ್ಮಿತಾ ಅದರ ಮುಂದೆ ಕೂತಳು. ಹುಚ್ಚಮ್ಮ ಚೊಂಬು ಬಾಯಿಗಿಟ್ಟಾಗ ಅರ್ಧ ನೀರು ಫ್ರಾಕಿನ ಮೇಲೆ ಹರಿಯಿತು. ಹುಡುಗಿ ತನ್ನ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ಚಿಪ್ಪೇನೂ ಬಂದಿರಲಿಲ್ಲ. ಸೌಮ್ಯ ಅಳುತ್ತಿದ್ದವಳು ಅದನ್ನು ಕಂಡು ನಕ್ಕಳು.

ಜಿನುಗು ಮಳೆಯಲ್ಲೇ ಎಲ್ಲರೂ ನಾಲೆಗೆ ನಡೆದರು. ಬಕೆಟ್ಟು ನಿಶ್ಮಿತಾಳ ಕೈಯಲ್ಲಿ. ಭಾರಕ್ಕೆ ಅವಳು ಒಂದು ಪಕ್ಕ ವಾಲುತ್ತಿದ್ದಳು, ಆದರೂ ಯಾರೂ ಮುಟ್ಟಲಿಲ್ಲ. ಏರಿಯ ಕಲ್ಲಿನ ಮೇಲೆ ಅವಳು ಕುಕ್ಕರಗಾಲಿನಲ್ಲಿ ಕೂತು, ಚಿಪ್ಪಿಗೆ ಅರಿಶಿನ ಕುಂಕುಮ ಹಚ್ಚಿಸಿಕೊಂಡ ಆಮೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ದೇವರಾಜು ಸ್ವಲ್ಪ ದೂರದಲ್ಲೇ ನಿಂತ. ಏನು ಹೇಳುತ್ತಾಳೋ ಎಂದು ಅವನಿಗೆ ಭಯ, ಅವನಿಗಿಂತ ಹೆಚ್ಚು ಹುಚ್ಚಮ್ಮನಿಗೆ ಭಯ. ನಿಜವನ್ನೇ ಹೇಳು ಎಂದಷ್ಟೇ ಮಗುವಿಗೆ ಹೇಳಿ, ಬೇರೇನೂ ಹೇಳಿಕೊಡಬೇಡಿ ಎಂದು ತಡೆದವಳು ಅವಳೇ ತಾನೆ.

"ನಾನು ನಿಶ್ಮಿತಾ," ಅಂದಳು ಹುಡುಗಿ. ಕ್ಲಾಸಿನಲ್ಲಿ ಎದ್ದು ನಿಂತು ಹೇಳುವ ದನಿ. "ಮಾದಾಪುರದ ಮಹೇಶ್ ಮಗಳು."

ಸೌಮ್ಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಹೇಶ ಅವಳ ತೀರಿಹೋದ ಗಂಡ. ದೇವರಾಜು ನಿಧಾನವಾಗಿ ತಲೆಯಾಡಿಸಿದ, ನಿಜ ತಾನೆ, ಸರಿಯಾಗೇ ಹೇಳಿದೆ ಮಗಾ ಅನ್ನುವ ಹಾಗೆ. ಹುಡುಗಿ ಉಸಿರೆಳೆದುಕೊಂಡಳು. ಅವಳ ಮಾತು ಮುಗಿದಿರಲಿಲ್ಲ.

"ಈ ಮನೆ ದೇವರಾಜು ಮಗಳೂ ಹೌದು. ಎರಡೂ ನಿಜ."

ಆಮೆ ಅವಳ ಕೈಯಿಂದ ಜಾರಿ ದುಬುಕ್ಕನೆ ನೀರಿಗೆ ಬಿತ್ತು. ದೇವರಾಜು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. ಮಳೆ ಅಷ್ಟೇನೂ ಇರಲಿಲ್ಲ, ಆದರೂ ಒರೆಸುತ್ತಲೇ ಇದ್ದ. ಹುಚ್ಚಮ್ಮ ಏನೂ ತೋಚದೆ ದೀಪಕ್‌ನಿಗೆ ಬಕೆಟ್ಟು ತೊಳೆಯಲಿಲ್ಲವೆಂದು ಬೈದಳು.

ವಾಪಸು ಬರುವಾಗ ನಿಶ್ಮಿತಾ ದೇವರಾಜುವಿನ ಬೆರಳು ಹಿಡಿದಿದ್ದಳು. "ಅಣ್ಣಾ," ಎಂದು ದೀಪಕ್‌ನನ್ನು ಕರೆದಳು, "ಬುಟ್ಟೀಲಿ ತಂದ್ರೆ ಏನಾಯ್ತು? ತಂದೋರೇ ಬಿಟ್ಟು ಬರ್ಬೇಕು ಅಲ್ವಾ? ಸಿನಿಮಾದಲ್ಲಿ ಅವರಮ್ಮ ಅವಳನ್ನ ಎಲ್ಲೂ ಬಿಡ್ಲೇ ಇಲ್ಲ. ಅಂದ್ರೆ ಅವಳು ಆ ಮನೆಯೋಳೇ. ಆ ನೆರಳು ಅವಳದೇ. ಇದು ನನ್ನ ಥಿಯರಿ."

ದೀಪಕ್ ಖಾಲಿ ಬಕೆಟ್ಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. "ಚೆನ್ನಾಗಿದೆ. ಕಾಮೆಂಟ್ ಹಾಕು," ಅಂದ.

ಮನೆಯ ಮೆಟ್ಟಿಲ ಹತ್ತಿರ ಹುಡುಗಿಯ ಮುಖ ಮತ್ತೆ ಸಣ್ಣಗಾಯಿತು. ಅಜ್ಜಿಯ ಸೀರೆ ಜಗ್ಗಿದಳು. "ಆದ್ರೆ ಅಜ್ಜಿ, ಆಮೆ ಹೋಗುವಾಗ ನನ್ನ ಕಡೆ ತಿರುಗಿ ಕೂಡ ನೋಡ್ಲಿಲ್ಲ."

"ಮನೆಯೋರನ್ನ ಯಾರಾದ್ರೂ ತಿರುಗಿ ತಿರುಗಿ ನೋಡ್ತಾರೇನೇ?" ಅಂದಳು ಹುಚ್ಚಮ್ಮ. "ಹಂಗೆ ನೋಡೋದು ನೆಂಟರನ್ನ. ನಡಿ ಒಳಕ್ಕೆ, ತಲೆ ಒರೆಸ್ತೀನಿ."