ತವನಪ್ಪನ ಕಿವಿ

ಬೆನ್ನ ಹಿಂದೆ ಆಡಿದ ಮಾತನ್ನು ಯಾರೋ ತಂದು ಮುಟ್ಟಿಸಿದಾಗಿನಿಂದ ತವನಪ್ಪನ ಮೈಯೆಲ್ಲ ಉರಿಯುತ್ತಿತ್ತು. ‘ತವನಪ್ಪ ಕಾಕಾನ ಕಿವಿ ಮುಗೀತು’ ಎಂದನಂತೆ ಖಾನಾಪುರದ ರೋಹನ, ಅದೂ ಹಿಂದವಾಡಿಯ ತುಂಬಿದ ಚಹಾದಂಗಡಿಯಲ್ಲಿ. ನಿನ್ನೆ ಮೊನ್ನೆ ಮೀಸೆ ಬಂದ ಹುಡುಗ! ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಕೆಯನ್ನು ಕಿವಿಗೆ ಒತ್ತಿ ನಲವತ್ತು ವರ್ಷ ಬೆಳಗಾವಿಯ ಅರ್ಧ ಗಾಡಿಗಳ ರೋಗ ಹೇಳಿದ ಮನುಷ್ಯ ತವನಪ್ಪ. ಕಿವಿ ಹೋಯಿತೆಂದರೆ ಗ್ಯಾರೇಜಿಗೆ ಬೀಗ ಹಾಕಿ ಮನೆಯಲ್ಲಿ ಶೇಂಗಾ ಸುಲಿಯುತ್ತ ಕೂರಬೇಕಷ್ಟೆ.

ಇಷ್ಟಕ್ಕೆಲ್ಲ ಮೂಲ ಒಂದು ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟಿನದು, ಇಪ್ಪತ್ತು ವರ್ಷ ಹಳೆಯದು, ರೋಹನನ ತಂದೆ ದಿವಂಗತ ಬಸಲಿಂಗಪ್ಪ ಕೊಂಡದ್ದು. ರೋಹನ ಅದನ್ನು ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಎರಡು ದಿನ ನಿಲ್ಲಿಸಿ ಪರಊರಿಗೆ ಹೋಗಿಬಂದು ಚಾಲೂ ಮಾಡಿದಾಗ ಇಂಜಿನ್ನಿನಲ್ಲಿ ಗಡಗಡ ಸದ್ದು ಕೇಳಿತ್ತು. ಐದಾರು ಸೆಕೆಂಡು, ಆಮೇಲೆ ಮಾಯ. ಟೈಮಿಂಗ್ ಚೈನು ಸವೆದಿರಬಹುದೆಂದು ತವನಪ್ಪನಿಗೆ ಅನುಮಾನ. ಅದು ಜಾರಿತೆಂದರೆ ಇಂಜಿನ್ನು ಒಳಗೊಳಗೇ ತನ್ನನ್ನು ತಾನೇ ಜಜ್ಜಿಕೊಳ್ಳುತ್ತದೆ. ಆದರೆ ಸದ್ದು ಕೇಳದೆ ಇಂಜಿನ್ನು ಬಿಚ್ಚುವುದು ಅವನ ಜಾಯಮಾನವಲ್ಲ. ತಣ್ಣಗಾದ ಇಂಜಿನ್ನನ್ನು ಬೆಳಿಗ್ಗೆ ಕೇಳಲು ರಾತ್ರಿ ಗ್ಯಾರೇಜಿನಲ್ಲಿ ಬಿಟ್ಟುಹೋಗು ಎಂದರೆ ರೋಹನನ ತಾಯಿ ಚಂದ್ರವ್ವ ಒಪ್ಪಲಿಲ್ಲ; ಸಾಂಬ್ರಾದಲ್ಲಿ ನಿಲ್ಲಿಸಿದ್ದಕ್ಕೇ ಮಗನಿಗೆ ಸಾಕಷ್ಟು ಬೈದಿದ್ದಳು. ಹೀಗಾಗಿ ತವನಪ್ಪನೇ ಮೂರು ಸಲ ಬೆಳಿಗ್ಗೆ ಎಂಟಕ್ಕೆ ಖಾನಾಪುರಕ್ಕೆ ಹೋದ. ಬಾನೆಟ್ಟು ಮುಟ್ಟಿದರೆ ತಣ್ಣಗೆ. ಚಾಲೂ ಮಾಡಿದರೆ ಸದ್ದಿಲ್ಲ. ಮೂರು ಸಲವೂ ಇಲ್ಲ.

ಮೂರನೆಯ ಸಲ ಚಹಾ ತಂದ ಚಂದ್ರವ್ವ, “ತವನಪ್ಪಣ್ಣಾರ, ಅದು ಮುಂಜಾನಿ...” ಎಂದು ಬಾಯಿ ತೆರೆದಿದ್ದಳು.

“ಅಕ್ಕಾರ, ಇದು ಇಂಜಿನ್ನಿನ ವಿಷಯ ಐತಿ, ನೀವ ಸುಮ್ಮಿರ್ರಿ,” ಎಂದು ತವನಪ್ಪ ಸಿಡುಕಿದ್ದ.

ಈಗ ಈ ಚಹಾದಂಗಡಿಯ ಮಾತು. ಪಿತ್ತ ನೆತ್ತಿಗೇರಿತು. ಮರುದಿನ ಬೆಳಕು ಹರಿಯುವ ಮೊದಲೇ ಬೈಕು ಹತ್ತಿದ. ಹೊತ್ತು ಹುಟ್ಟುವವರೆಗೆ ನೀರೂ ಮುಟ್ಟದ ಜೈನ. ದೇಸೂರ ದಾಟುವಷ್ಟರಲ್ಲಿ ಗಂಟಲು ಒಣಗಿ ಸಿಟ್ಟು ಇಮ್ಮಡಿಯಾಗಿತ್ತು. ರೋಹನನನ್ನು ಹಾಸಿಗೆಯಿಂದ ಎಬ್ಬಿಸಿ ಚೆನ್ನಾಗಿ ಬೈದು ಬರುವುದೊಂದೇ ಅವನ ಉದ್ದೇಶ.

ಅಂಗಳಕ್ಕೆ ಕಾಲಿಟ್ಟಾಗ ಆರು ಗಂಟೆ. ಕಾರಿನ ಬಾಗಿಲು ತೆರೆದಿತ್ತು. ಸ್ನಾನ ಮುಗಿಸಿದ ಚಂದ್ರವ್ವ ಸ್ಟೇರಿಂಗಿಗೆ ವಿಭೂತಿ ಎಳೆದು, ಊದಿನಕಡ್ಡಿ ಬೆಳಗಿ, ಕೀಲಿಗೆ ಕೈ ಹಾಕಿದ್ದಳು.

“ಏನ್ ಮಾಡಾಕತ್ತೀರಿ ಅಕ್ಕಾರ?”

“ದಿನಾ ಮಾಡೂದು. ನಮ್ಮ ಮನಿಯವರು ಇದ್ದಾಗಿಂದ. ಪೂಜಾ ಮಾಡಿ, ಒಂದ್ ನಿಮಿಷ ಚಾಲೂ ಮಾಡಿ ಬಂದ್ ಮಾಡ್ತೀನಿ.”

ತವನಪ್ಪ ನಿಂತಲ್ಲೇ ನಿಂತ. ಚೈನನ್ನು ಬಿಗಿಹಿಡಿಯುವ ಟೆನ್ಶನರಿಗೆ ಎಣ್ಣೆಯೇ ಬಲ. ಅದು ಸವೆದಿದ್ದರೆ ರಾತ್ರಿಯಿಡೀ ಎಣ್ಣೆ ಇಳಿದು ಚೈನು ಸಡಿಲಾಗುತ್ತದೆ, ಬೆಳಿಗ್ಗೆ ಮೊದಲ ಸಲ ಮಾತ್ರ ಬಡಿಯುತ್ತದೆ. ಆರಕ್ಕೆ ಒಂದು ನಿಮಿಷ ಓಡಿಸಿದರೆ, ಎಂಟಕ್ಕೆ ಬಾನೆಟ್ಟು ತಣ್ಣಗಿದ್ದರೂ ಎಣ್ಣೆ ಒಳಗೇ ಇರುತ್ತದೆ. ಮೂರು ಸಲ ಬಂದು ಅವನು ಕೇಳಿದ್ದು ಆಗಲೇ ಒಮ್ಮೆ ಎದ್ದು ಮಲಗಿದ ಇಂಜಿನ್ನನ್ನು!

“ಮೊದಲ ಹೇಳಬಾರದೇನ್ರಿ!” ಎಂದು ಅಬ್ಬರಿಸಿದ.

“ಹೇಳಾಕ ಬಂದ್ರ ಬಾಯಿ ಮುಚ್ಚಿಸಿದವರು ಯಾರ್ರಿ?” ಚಂದ್ರವ್ವನೂ ದನಿ ಏರಿಸಿದಳು. “ದಿನಾ ಗಡಗಡ ಅಂತೈತಿ. ನನ್ನ ಯಾರು ಕೇಳ್ಯಾರ?”

ಗದ್ದಲಕ್ಕೆ ರೋಹನ ಎದ್ದು ಬಂದ. ತವನಪ್ಪ ಬಾನೆಟ್ಟು ಎತ್ತಿ, “ತಿರುವ್ರಿ ಕೀಲಿ,” ಎಂದ.

ಇಂಜಿನ್ನು ಎದ್ದಿತು. ರೋಹನ ಬೆಚ್ಚಿ ಅದರತ್ತ ಬೆರಳು ಮಾಡಿದ. ಚಂದ್ರವ್ವ ‘ನೋಡಿದ್ರ್ಯಾ’ ಎಂಬಂತೆ ಕತ್ತೆತ್ತಿದಳು. ತವನಪ್ಪನಿಗೆ ಕೇಳಿದ್ದು ಬರೀ ಗುಂಯ್ ಎನ್ನುವ ಇಂಜಿನ್ನು. ಗಾಬರಿಯಿಂದ ಸ್ಕ್ರೂಡ್ರೈವರನ್ನು ಚೈನಿನ ಮುಚ್ಚಳಕ್ಕೆ ಊರಿ ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದ. ತಲೆಬುರುಡೆಯೊಳಗೆ ಗಡಗಡ ಬಡಿಯಿತು. ತೆಗೆದ, ಇಲ್ಲ. ಮತ್ತೆ ಒತ್ತಿದ; ಇತ್ತು. ಆಮೇಲೆ ನಿಂತಿತು.

“ಚೈನು ಹೋಗೇತಿ,” ಎಂದ. “ಟೆನ್ಶನರೂ ಹೋಗೇತಿ.”

“ತಪ್ಪಾತು ಕಾಕಾ,” ರೋಹನ ಕೈ ಮುಗಿದ. “ನಿಮ್ಮ ಕಿವಿ ಅಂದ್ರ ಕಿವಿ! ಈಗ ಎಲ್ಲಾರಿಗೂ ಫೋನ್ ಮಾಡಿ ಹೇಳ್ತೀನಿ.”

ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಚಹಾದಂಗಡಿಯ ಮಾತಿಗಿಂತ ಈ ಹೊಗಳಿಕೆಯೇ ಅವನನ್ನು ಹೆಚ್ಚು ಸುಟ್ಟಿತು.

“ಫೋನ್ ಇಡು!” ಎಂದು ಗುಡುಗಿದ. “ನೀ ಅಂದದ್ದ ಖರೇ ಐತಿ. ನನಗ ಕೇಳಿಸಲಿಲ್ಲ. ಎಲುಬಿಗೆ ಬಡದ ಮ್ಯಾಲೆ ಗೊತ್ತಾತು.”

ಸ್ಕ್ರೂಡ್ರೈವರನ್ನು ಅಂಗಳದಾಚೆಗೆ ಬೀಸಿ ಒಗೆದ. ಯಾರೂ ತರಲು ಹೋಗಲಿಲ್ಲ. ಕೊನೆಗೆ ಅವನೇ ಹೋಗಿ ಹುಡುಕಿ ತಂದ.

ಈ ಸಲ ಚಂದ್ರವ್ವ ಕಾರನ್ನು ಗ್ಯಾರೇಜಿಗೆ ಬಿಡಲು ಒಪ್ಪಿದಳು; ಹತ್ತು ದಿನದಲ್ಲಿ ಚೈನು, ಟೆನ್ಶನರು, ಚೈನು ಓಡುವ ಹಾದಿಯ ಸವೆದು ಗೆರೆಬಿದ್ದ ಗೈಡುಗಳು ಎಲ್ಲವೂ ಹೊಸದಾದವು. ಹನ್ನೊಂದನೆಯ ದಿನ ಬೆಳಿಗ್ಗೆ ಆರಕ್ಕೆ ತವನಪ್ಪ ಮತ್ತೆ ಆ ಅಂಗಳದಲ್ಲಿದ್ದ. ಯಾರ ಮೇಲಿನ ಸಿಟ್ಟೋ ತಿಳಿಯದು, ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ಚಂದ್ರವ್ವ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ ಕೀಲಿ ತಿರುಗಿಸಿದಳು. ತವನಪ್ಪ ಇಂಜಿನ್ನಿನ ಕಡೆ ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತ ನಿಂತ.

“ಸದ್ದು ಹೋತೇನ್ರಿ ಅಕ್ಕಾರ?”

“ಹೋತು,” ಎಂದಳು ಚಂದ್ರವ್ವ. ಅವನು ಇನ್ನೂ ನೋಡುತ್ತಲೇ ಇದ್ದುದನ್ನು ಕಂಡು ಜೋರಾಗಿ ಇನ್ನೊಮ್ಮೆ ಹೇಳಿದಳು. “ಹೋತ್ರಿ, ತವನಪ್ಪಣ್ಣಾರ!”